ಮೂರು ಲೆಕ್ಕದ ಅಂಗಡಿ

ಸಿರಸಂಗಿಯ ಅಂಗಡಿಕಾರರು ಲೆಕ್ಕದಲ್ಲಿ ದಡ್ಡರು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಒಂದೇ ಅಂಗಡಿಗೆ ಮೂರು ಲೆಕ್ಕ ಇಟ್ಟು, ಒಂದರ ಗಾಳಿ ಇನ್ನೊಂದಕ್ಕೆ ತಾಗದಂತೆ ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ಸಣ್ಣ ವಿದ್ಯೆಯಲ್ಲ. ಟ್ಯಾಕ್ಸಿನವರಿಗೆ ತೋರಿಸುವ ಲೆಕ್ಕದಲ್ಲಿ ಅಂಗಡಿ ಯಾವಾಗಲೂ ಬಡತನದಲ್ಲಿ ಇರುತ್ತಿತ್ತು. ಸಾಲಕ್ಕೆಂದು ಬ್ಯಾಂಕಿಗೆ ಕೊಡುವ ಲೆಕ್ಕದಲ್ಲಿ ಅದೇ ಅಂಗಡಿಯಲ್ಲಿ ಮಾಲು ತುಂಬಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಖರೆ ಲೆಕ್ಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯಲ್ಲಿ. ದೀಪಾವಳಿ ಪಾಡ್ಯಕ್ಕೆ ಅರಿಷಿಣ-ಕುಂಕುಮ ಬೀಳುತ್ತಿದ್ದದ್ದು ಆ ಒಂದಕ್ಕೇ. ಲಕ್ಷ್ಮಿಯ ಮುಂದೆ ಸುಳ್ಳು ಲೆಕ್ಕ ಇಟ್ಟವರನ್ನು ನಾನಂತೂ ಕಂಡಿಲ್ಲ.

ನಮ್ಮ ಅಪ್ಪನ ಕಿರಾಣಿ ಅಂಗಡಿ ಕಾಳಮ್ಮನ ಗುಡಿಗೆ ಹೋಗುವ ದಾರಿಯಲ್ಲಿತ್ತು. ಸವದತ್ತಿ ಸೀಮೆಯಲ್ಲಿ ಹೊರಗಿನ ಜನ ಎಲ್ಲಮ್ಮನ ಗುಡ್ಡಕ್ಕೆ ಹೋಗುವಷ್ಟು ನಮ್ಮೂರಿಗೆ ಬರುವುದಿಲ್ಲ. ಆದರೆ ವಿಶ್ವಕರ್ಮರಿಗೆ ಸಿರಸಂಗಿ ಎಂದರೆ ತವರು. ಕಮ್ಮಾರರು, ಬಡಿಗೇರರು, ಅಕ್ಕಸಾಲಿಗರು ಎಲ್ಲೆಲ್ಲಿಂದಲೋ ಬಂದು ಕಾಳಿಕಾದೇವಿಗೆ ಕಾಯಿ ಒಡೆಸುತ್ತಾರೆ. ಯುಗಾದಿಯ ಜಾತ್ರೆಗೆ ಗುಡಿಯ ದಾರಿಯುದ್ದಕ್ಕೂ ಬಳೆ, ಕುಂಕುಮ, ಭಂಡಾರ, ಚುರಮುರಿ, ಬೆಂಡು-ಬೆತ್ತಾಸದ ಅಂಗಡಿಗಳು ಬಿಡಾರ ಹೂಡುತ್ತಿದ್ದವು. ಆ ದಿನಗಳಲ್ಲಿ ಅಪ್ಪನ ಗಲ್ಲಾ ತುಂಬುತ್ತಿತ್ತು, ಟ್ಯಾಕ್ಸಿನ ವಹಿ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಅಂಜಿಕೆ ಮಾತ್ರ ಬೇಕಾದಷ್ಟಿತ್ತು. ಯರಗಟ್ಟಿ ಕಡೆಯಿಂದ ಬಿಳಿ ಜೀಪು ಬಂತು ಎಂದರೆ ಸಾಕು, ಸೇಲ್ಸ್‌ಟ್ಯಾಕ್ಸ್ ಸಾಹೇಬರು ಎಂಬ ಸುದ್ದಿ ಜೀಪಿಗಿಂತ ಮೊದಲೇ ಪೇಟೆಗೆ ಮುಟ್ಟುತ್ತಿತ್ತು. ಅರ್ಧ ಅಂಗಡಿಗಳ ಬಾಗಿಲು ಮುಚ್ಚುತ್ತಿದ್ದವು. ಬಹಳ ಸಲ ಆ ಜೀಪು ಕೃಷಿ ಇಲಾಖೆಯದ್ದೋ ನೀರಾವರಿಯವರದ್ದೋ ಆಗಿರುತ್ತಿತ್ತು. ಒಮ್ಮೆ ದನದ ಡಾಕ್ಟರು ಬಂದಾಗಲೂ ಪೇಟೆ ಬಂದ್ ಆದದ್ದು ನೆನಪಿದೆ. ಪಾಪ, ಅವರಿಗೆ ಒಂದು ಬೆಂಕಿಪೊಟ್ಟಣ ಕೂಡ ಸಿಗಲಿಲ್ಲ.

ಈ ಅಂಜಿಕೆ ಸೇಲ್ಸ್‌ಟ್ಯಾಕ್ಸಿನ ಜೊತೆ ಹುಟ್ಟಿದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮೂರಲ್ಲಿ ಇಂದಿಗೂ ದೇಸಾಯರ ವಾಡೆ ನಿಂತಿದೆ. ದೇಸಗತಿಯ ಕಾಲದಲ್ಲಿ ಸುತ್ತಲ ಹಳ್ಳಿಗಳ ಕಂದಾಯದ ಲೆಕ್ಕ ಅಲ್ಲಿ ನಡೆಯುತ್ತಿತ್ತು. ಆ ಮನೆತನದ ಕೊನೆಯ ದೊಡ್ಡ ಹೆಸರು ಲಿಂಗರಾಜ ದೇಸಾಯರು, 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. 1906ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಉಯಿಲು ಬರೆದಿಟ್ಟೇ ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದ್ದೇ. ಊರಿಂದ ವಸೂಲಾದದ್ದು ಹೀಗೆ ಮಕ್ಕಳ ಕೈಗೆ ಪುಸ್ತಕವಾಗಿ ಮರಳಿತು ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಅದೇ ಉಸಿರಿನಲ್ಲಿ ರಾಮದುರ್ಗದ ಸುದ್ದಿ ತೆಗೆಯುತ್ತಿದ್ದ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಜನ ರಾಜನ ಮೇಲೆ ತಿರುಗಿ ಬಿದ್ದಿದ್ದರು. ಆ ಸಿಟ್ಟಿನ ಹಿಂದೆ ಕರದ ಭಾರವೂ ಇತ್ತು. ಅಜ್ಜನ ಲೆಕ್ಕದಲ್ಲಿ ಕರ ಎಂದರೆ ಒಂದೋ ವಾಡೆಗೆ ಹೋಗಿ ಕೈಮುಗಿಯುವುದು, ಇಲ್ಲವೇ ಕಲ್ಲು ಎತ್ತಿಕೊಳ್ಳುವುದು. ಕಾಗದ ತುಂಬಿ ರಸೀದಿ ತೆಗೆದುಕೊಂಡು ಮನೆಗೆ ಬಂದು ಉಣ್ಣುವ ಮೂರನೆಯ ದಾರಿ ಅವನಿಗೆ ಗೊತ್ತಿರಲಿಲ್ಲ.

ಬಿ.ಕಾಂ. ಮುಗಿಸಿ ನಾನು ಸವದತ್ತಿಯ ಟ್ಯಾಕ್ಸ್ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿ ಸೇರಿದ ಹೊತ್ತಿಗೆ ಸೇಲ್ಸ್‌ಟ್ಯಾಕ್ಸ್ ಹೋಗಿ ವ್ಯಾಟ್ ಬಂದಿತ್ತು. ಕರ್ನಾಟಕದಲ್ಲಿ ಅದು ಜಾರಿಯಾದದ್ದು 2005ರ ಏಪ್ರಿಲ್ 1ಕ್ಕೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದ್ದರಿಂದ ಎಲ್ಲರೂ ತಾವಾಗಿಯೇ ಬಿಲ್ಲು ಕೇಳುತ್ತಾರೆ ಎಂಬುದು ವ್ಯಾಟ್ ಮಾಡಿದವರ ನಂಬಿಕೆ. ಹುಬ್ಬಳ್ಳಿಯ ಸಗಟು ಪೇಟೆ ಆ ನಂಬಿಕೆಗೆ ತನ್ನದೇ ಉತ್ತರ ಕಂಡುಕೊಂಡಿತ್ತು. ಬಿಲ್ಲಿನ ಮಾಲಿಗೆ ಒಂದು ದರ, ಬಿಲ್ಲಿಲ್ಲದ ಮಾಲಿಗೆ ಒಂದು ದರ. ನಮ್ಮ ಕಡೆಯವರು ಅರ್ಧ ಮಾಲು ಹಾಗೆ, ಅರ್ಧ ಮಾಲು ಹೀಗೆ ತಂದು ಟೆಂಪೋ ತುಂಬುತ್ತಿದ್ದರು. ಬಿಲ್ಲಿಲ್ಲದ ಅರ್ಧ ಟ್ಯಾಕ್ಸಿನ ವಹಿಯಲ್ಲಿ ಹುಟ್ಟಿದ್ದೇ ಇಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೊದಲ ವರ್ಷ ನಮ್ಮ ಕಚೇರಿಯಲ್ಲಿ ಕೂಡಲು ಕುರ್ಚಿ ಸಿಗುತ್ತಿರಲಿಲ್ಲ. ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ತುಂಬಬೇಕು, ತಡವಾದರೆ ದಿನಕ್ಕೆ ಇಷ್ಟೆಂದು ದಂಡ ಎಂಬುದು ಜನರಿಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡಿತು. "ಏನೂ ಮಾರಿಲ್ಲಂತ ಹೇಳಾಕೂ ಸರ್ಕಾರಕ್ಕ ರೊಕ್ಕಾ ಕೊಡಬೇಕೇನ್ರೀ?" ಎಂದು ಒಬ್ಬರು ಕೇಳಿದ್ದರು. ಕೊಡಬೇಕಿಲ್ಲ, ಹೊತ್ತಿಗೆ ಸರಿಯಾಗಿ ಹೇಳಿದರೆ ಸಾಕು ಎಂದು ಸಮಾಧಾನ ಮಾಡುವಷ್ಟರಲ್ಲಿ ಸರ್ವರ್ ನಿಂತುಹೋಗುತ್ತಿತ್ತು. ಮುಂದೆ ದಂಡವನ್ನು ಇಳಿಸಿದರು. ವ್ಯಾಪಾರ ಇದ್ದವರಿಗೆ ದಿನಕ್ಕೆ 50 ರೂಪಾಯಿ, ಇಲ್ಲದವರಿಗೆ 20.

ಆದರೆ ಆ ದಿನಗಳಲ್ಲಿ ದರಪಟ್ಟಿ ಓದುವುದು ನನಗೆ ಒಂದು ಬಗೆಯ ಖುಷಿ ಕೊಡುತ್ತಿತ್ತು. ಜಾತ್ರೆಯ ಅಂಗಡಿಸಾಲು ಪೂರ್ತಿ ಅದರಲ್ಲಿತ್ತು. ಗಾಜಿನ ಬಳೆಗೆ ತೆರಿಗೆ ಇಲ್ಲ. ಕುಂಕುಮಕ್ಕೆ ಇಲ್ಲ. ಅರಿಷಿಣದ ಪುಡಿಗೆ ಶೇ 5, ಅಂದರೆ ದೇವಿಯ ಭಂಡಾರಕ್ಕೆ ತೆರಿಗೆ ಉಂಟು. ತೆಂಗಿನಕಾಯಿಗೆ ಇಲ್ಲ, ಅದೇ ಒಣಗಿ ಕೊಬ್ಬರಿಯಾದರೆ ಉಂಟು. ಚೀಲ ಬಿಚ್ಚಿ ಅಳೆದು ಕೊಡುವ ಚುರಮುರಿಗೆ, ಬೆಲ್ಲಕ್ಕೆ ಇಲ್ಲ. 2022ರ ಜುಲೈ 18ರಿಂದ, ಅದನ್ನೇ ಪಾಕೀಟು ಕಟ್ಟಿ ಮೇಲೆ ಚೀಟಿ ಅಂಟಿಸಿದರೆ ಶೇ 5. ಕಾಳಮ್ಮನ ಭಕ್ತರಾದ ಕಮ್ಮಾರರೊಬ್ಬರು ನಮ್ಮ ಕಚೇರಿಗೆ ಬಂದು, ತಮ್ಮ ಕುಲುಮೆಗೂ ನಂಬರು ತೆಗೆಸಬೇಕೇ ಎಂದು ನಡುಗುವ ದನಿಯಲ್ಲಿ ಕೇಳಿದರು. ಕುಡಗೋಲು, ಗುದ್ದಲಿ, ಕೊಡಲಿಯಂಥ ಕೈಯಿಂದ ನಡೆಸುವ ಹೊಲದ ಸಾಮಾನಿಗೆ ತೆರಿಗೆಯೇ ಇಲ್ಲ, ಅದನ್ನಷ್ಟೇ ಮಾಡುವವರು ನೋಂದಣಿ ಮಾಡಿಸಬೇಕಿಲ್ಲ ಎಂದೆ. "ಮತ್ತ ಅಡಗಿ ಮನಿ ಚಾಕು?" ಎಂದರು. ಅದಕ್ಕೆ ಉಂಟು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಈಳಿಗಿ?" ಎಂದರು. ಈಳಿಗೆಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾರೆ, ತರಕಾರಿ ಹೆಚ್ಚುತ್ತಾರೆ. ಅದು ಹೊಲದ್ದೋ ಅಡುಗೆಮನೆಯದ್ದೋ ಎಂದು ದಿಲ್ಲಿಯ ಪಟ್ಟಿ ಬರೆದವರನ್ನೇ ಕೇಳಬೇಕಿತ್ತು. ನಕ್ಕು ಚಹಾ ತರಿಸಿದೆ.

ಬಹಳ ಮಂದಿಗೆ ಇಂದಿಗೂ ತಿಳಿಯದ ಒಂದು ಸಂಗತಿ ಇದೆ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವನಿಗೆ ಎಷ್ಟು ಮಾರಿದರೂ ನೋಂದಣಿಯ ಹಂಗಿಲ್ಲ. ಆದರೆ ಜೋಳ, ಅಕ್ಕಿಯ ಪಕ್ಕದಲ್ಲಿ ಬಿಸ್ಕೀಟು, ಸಾಬೂನಿನ ಒಂದು ಮಾಡ ಇಟ್ಟನೋ, ಆಗ ನೋಂದಣಿಯ ಮಿತಿಯನ್ನು ಅಳೆಯುವುದಕ್ಕೆ ಜೋಳ-ಅಕ್ಕಿಯ ವ್ಯಾಪಾರವೂ ಕೂಡುತ್ತದೆ. ಹಳ್ಳಿಯ ಯಾವ ಕಿರಾಣಿ ಅಂಗಡಿ ಸಾಬೂನು ಇಡದೆ ನಡೆದೀತು?

ಟ್ಯಾಕ್ಸಿಗೆ ಹೀಗೆ ಅಂಜುತ್ತಿದ್ದವರು ವಿಮೆಯ ಸುದ್ದಿಗೆ ಮಾತ್ರ ಹೋಗುತ್ತಿರಲಿಲ್ಲ. ಎಲ್‌ಐಸಿ ಬಾಂಡು ಎಲ್ಲರ ಟ್ರಂಕಿನಲ್ಲೂ ಇತ್ತು, ಅದೂ ಏಜೆಂಟರು ಬೀಗರೋ ನೆಂಟರೋ ಆಗಿದ್ದರಿಂದ. ಮಾಲು ತರುವ ಟಂಟಂಗೆ ಥರ್ಡ್ ಪಾರ್ಟಿ ವಿಮೆ ಇರುತ್ತಿತ್ತು, ಅದು ಪೊಲೀಸರ ಅಂಜಿಕೆಗೆ. 2015ರಲ್ಲಿ ಬಂದ ವರ್ಷಕ್ಕೆ 12 ರೂಪಾಯಿಯ ಅಪಘಾತ ವಿಮೆ, ಈಗ ಅದು 20 ರೂಪಾಯಿ, ಬ್ಯಾಂಕಿನ ಖಾತೆಯಿಂದ ತಾನೇ ಮುರಿದುಹೋಗುತ್ತಿತ್ತು. ಅಂಗಡಿಕಾರ ಹೋದರೆ ಎರಡು ಲಕ್ಷಕ್ಕೆ ಏನೋ ಒಂದು ಏರ್ಪಾಡು ಇತ್ತು. ಅಂಗಡಿ ಹೋದರೆ ಇರಲಿಲ್ಲ. ಕಾಯ್ದೆಯೂ ಕೇಳುತ್ತಿರಲಿಲ್ಲ. ಹತ್ತು ಜನ ಕೆಲಸಕ್ಕಿದ್ದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ನಮ್ಮ ಅಂಗಡಿಗಳಲ್ಲಿ ಗಂಡ, ಹೆಂಡತಿ, ರಜೆಗೆ ಬಂದ ಮಕ್ಕಳು. ಹೀಗಾಗಿ ಯಾವ ಕಾಯ್ದೆಯೂ ಒತ್ತಾಯ ಮಾಡದ, ಎಲ್ಲಕ್ಕಿಂತ ಬೇಕಾದ ವಿಮೆ ಒಂದೇ ಇತ್ತು, ಮಾಲಿನದು. ಅದನ್ನು ಯಾರೂ ಮಾಡಿಸುತ್ತಿರಲಿಲ್ಲ.

ಸಾಲ ಇದ್ದವರದ್ದು ಬೇರೆ ಮಾತು. ಸಾಲ ಕೊಟ್ಟ ಬ್ಯಾಂಕು ಒತ್ತೆಯ ಮಾಲಿಗೆ ತಾನೇ ವಿಮೆ ಮಾಡಿಸಿ ಕಂತನ್ನು ಖಾತೆಗೆ ಹಾಕುತ್ತದೆ. ರಾಮದುರ್ಗದಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಕಾಕಾನಿಗೆ ತನ್ನ ಮಾಲಿಗೆ ವಿಮೆ ಇದೆ ಎಂಬುದು ಗೊತ್ತಾದದ್ದೇ ಮಾಲು ಮುಳುಗಿದ ಮೇಲೆ.

2019ರ ಆಗಸ್ಟ್‌. ಘಟ್ಟದ ಕಡೆ ಮಳೆ ಹಿಡಿದು ನವಿಲುತೀರ್ಥದ ಆಣೆಕಟ್ಟು ತುಂಬಿತು, ಗೇಟು ತೆಗೆದರು, ಮಲಪ್ರಭೆ ಮುನವಳ್ಳಿಗೆ ನುಗ್ಗಿ ರಾಮದುರ್ಗಕ್ಕೆ ಬಂತು. ನದಿ ಬತ್ತಿದ್ದನ್ನು ನೋಡಿ ಬೆಳೆದ ನಮಗೆ ಅದು ಇಷ್ಟು ಅಗಲ ಆಗಬಲ್ಲದೆಂದು ಗೊತ್ತಿರಲಿಲ್ಲ. ನೇಕಾರರ ಓಣಿಗಳಲ್ಲಿ ಮಗ್ಗದ ಕುಣಿಗಳಿಗೆ ನೀರು ತುಂಬಿತು. ಕಾಕಾ ಮಕ್ಕಳು-ಮರಿ ಕರೆದುಕೊಂಡು ಸಿರಸಂಗಿಗೆ ಬಂದ. ನೀರು ಇಳಿದ ಮೇಲೆ ನಾನೂ ಅವನ ಜೊತೆ ಹೋದೆ. ಅಂಗಡಿಯ ಬಾಗಿಲು ತೆಗೆದಾಗ ಬಂದ ವಾಸನೆ ಬೆಲ್ಲದ್ದು. ಹುಳಿತ ಬೆಲ್ಲ, ಅದರ ಮೇಲೆ ಸಾಬೂನಿನ ನೊರೆ, ಅದರ ಮೇಲೆ ರಾಡಿ. ತೊಗರಿಬೇಳೆ ಉಬ್ಬಿ ಚೀಲ ಹರಿದು ಹೊರಗೆ ಬಂದಿತ್ತು. ಕೆಂಪು ವಹಿ, ಉದ್ರಿ ಪುಸ್ತಕ ಎರಡೂ ಗಲ್ಲಾದ ಅಡಿಯಲ್ಲಿ ಮುದ್ದೆಯಾಗಿದ್ದವು. ಉದ್ರಿ ಪುಸ್ತಕ ಹೋಯಿತಂತೆ, ಹೌದೇ ಎಂದು ವಿಚಾರಿಸಲು ಬಂದವರಲ್ಲಿ ಹೆಚ್ಚಿನವರು ಉದ್ರಿ ಉಳಿಸಿಕೊಂಡವರೇ.

ಮನೆ ಬಿದ್ದವರಿಗೆ ಸರ್ಕಾರ ಪರಿಹಾರ ಹೇಳಿತ್ತು. ಮಾಲಿನ ಬಗ್ಗೆ ವಿಚಾರಿಸಲು ಬ್ಯಾಂಕಿಗೆ ಹೋದಾಗ ವಿಮೆಯ ಪಾಲಿಸಿ ಹೊರಗೆ ಬಂತು. ಸಾಲ ಮೂರು ಲಕ್ಷ, ವಿಮೆಯೂ ಮೂರು ಲಕ್ಷಕ್ಕೆ. ಕಾಕಾನ ಮುಖದಲ್ಲಿ ಆ ವಾರ ಕಾಣದ ಕಳೆ ಅವತ್ತು ಕಂಡಿತು.

ಸರ್ವೇಯರ್ ಬಂದರು, ಒಳ್ಳೆಯ ಮನುಷ್ಯ. ರಾಡಿಯಲ್ಲೇ ನಿಂತು ಎಲ್ಲ ಫೋಟೋ ತೆಗೆದುಕೊಂಡರು. ಆಮೇಲೆ ಎರಡು ಕಾಗದ ಕೇಳಿದರು. ಖರೀದಿ ಬಿಲ್ಲು ಮತ್ತು ಬ್ಯಾಂಕಿಗೆ ಕೊಟ್ಟ ಕಳೆದ ತಿಂಗಳ ಸ್ಟಾಕಿನ ಲೆಕ್ಕ. ಅಂಗಡಿಯಲ್ಲಿ ಖರೆ ಇದ್ದದ್ದು, ಕಾಕಾನ ತಲೆಯಲ್ಲಿದ್ದ ಲೆಕ್ಕದಂತೆ, ನಾಲ್ಕೂವರೆ ಲಕ್ಷದ ಮಾಲು. ವಕೀಲರ ಕಚೇರಿಯಲ್ಲಿ ಫೈಲು ಹುಡುಕಿದಾಗ ಬಿಲ್ಲು ಸಿಕ್ಕಿದ್ದು 2 ಲಕ್ಷ 40 ಸಾವಿರದ್ದಕ್ಕೆ; ಉಳಿದದ್ದು ಹುಬ್ಬಳ್ಳಿಯ ಬಿಲ್ಲಿಲ್ಲದ ದರದ ಮಾಲು. ಹೀಗಾಗಿ ನಷ್ಟ ಅಷ್ಟಕ್ಕೇ ನಿಂತಿತು. ಬ್ಯಾಂಕಿನ ಲೆಕ್ಕದಲ್ಲಿ ಕಾಕಾ, ಸಾಲದ ಮಿತಿ ಹೆಚ್ಚಿಸಿಕೊಳ್ಳುವ ಆಸೆಗೆ, ಆರು ಲಕ್ಷದ ಮಾಲು ತೋರಿಸಿದ್ದ. ಆರು ಲಕ್ಷದ ಮಾಲಿಗೆ ಮೂರು ಲಕ್ಷದ ವಿಮೆ, ಅಂದರೆ ಅರ್ಧ. ವಿಮೆಯ ಕಾನೂನಿನಲ್ಲಿ ಹೀಗೆ ಕಡಿಮೆ ಮಾಡಿಸಿದವನಿಗೆ ನಷ್ಟವೂ ಅದೇ ಪ್ರಮಾಣದಲ್ಲಿ ಸಿಗುತ್ತದೆ, ಉಳಿದ ಅರ್ಧಕ್ಕೆ ಅವನೇ ವಿಮೆದಾರ. 2 ಲಕ್ಷ 40 ಸಾವಿರದಲ್ಲಿ ತೊಳೆದು ಮಾರಬಹುದಾದ ಡಬ್ಬಿ, ಸಾಮಾನು ಕಳೆದರು, ಉಳಿದದ್ದನ್ನು ಅರ್ಧ ಮಾಡಿದರು, ಪಾಲಿಸಿಯ ಮೊದಲ ಕಡಿತ ಹಿಡಿದರು. ಕೈಗೆ ಬರಬೇಕಾದದ್ದು ಒಂದು ಲಕ್ಷದ ಆಚೀಚೆ. ಕೈಗೂ ಬರಲಿಲ್ಲ, ಸಾಲದ ಖಾತೆಗೆ ಜಮಾ ಆಯಿತು.

ಟ್ಯಾಕ್ಸಿಗೆಂದು ಕಿರಿದು ಮಾಡಿದ ಲೆಕ್ಕ ಅವನ ನಷ್ಟವನ್ನು ಕಿರಿದು ಮಾಡಿತು. ಬ್ಯಾಂಕಿಗೆಂದು ಹಿರಿದು ಮಾಡಿದ ಲೆಕ್ಕ ಆ ಕಿರಿದನ್ನೂ ಅರ್ಧಕ್ಕೆ ಇಳಿಸಿತು. ಖರೆ ಲೆಕ್ಕ ನೀರಿನಲ್ಲಿ ಹೋಗಿತ್ತು. ಉಳಿದಿದ್ದರೂ ಅದನ್ನು ತೋರಿಸುವ ಧೈರ್ಯ ಯಾರಿಗಿತ್ತು?

ಇಷ್ಟೆಲ್ಲ ಮುಚ್ಚಿಟ್ಟು ಕಾಕಾ ಉಳಿಸಿದ್ದಾದರೂ ಏನು ಎಂದು ನಾನು ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಅವನ ವರ್ಷದ ವ್ಯಾಪಾರ ಸುಮಾರು 30 ಲಕ್ಷ. ತೋರಿಸಿದ್ದು 18 ಲಕ್ಷ, ಏಕೆಂದರೆ 20 ಲಕ್ಷಕ್ಕೆ ಜಿಎಸ್‌ಟಿ ನೋಂದಣಿ. ಮೂವತ್ತೂ ತೋರಿಸಿ ಕಾಂಪೊಸಿಷನ್ ಪದ್ಧತಿಗೆ ಹೋಗಿದ್ದರೆ ವ್ಯಾಪಾರಿಗೆ ತೆರಿಗೆ ಶೇ 1, ಅದೂ ತೆರಿಗೆ ಬೀಳುವ ಸರಕಿನ ಮೇಲೆ ಮಾತ್ರ. ಅವನ ಅರ್ಧ ವ್ಯಾಪಾರ ಅಕ್ಕಿ-ಬೇಳೆ-ಬೆಲ್ಲ. ಉಳಿದ 15 ಲಕ್ಷಕ್ಕೆ ವರ್ಷಕ್ಕೆ 15 ಸಾವಿರ. ಆದಾಯ ತೆರಿಗೆಯಲ್ಲಿ ಆಗ 44ಎಡಿ ಎಂಬ ಕಲಮು ಇತ್ತು, ವಹಿ-ಪುಸ್ತಕದ ಗೋಜಿಲ್ಲದೆ ವ್ಯಾಪಾರದ ಶೇ 8ನ್ನು ಲಾಭ ಎಂದು ಒಪ್ಪಿಕೊಂಡರೆ ಸಾಕಿತ್ತು, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6. ಮೂವತ್ತು ಲಕ್ಷಕ್ಕೆ ಶೇ 8 ಎಂದರೆ 2 ಲಕ್ಷ 40 ಸಾವಿರ. ಎರಡೂವರೆ ಲಕ್ಷದವರೆಗೆ ಆದಾಯ ತೆರಿಗೆಯೇ ಇರಲಿಲ್ಲ. ಇನ್ನು ವೃತ್ತಿ ತೆರಿಗೆ, ಅದು ವರ್ಷಕ್ಕೆ 2,500 ಮೀರಬಾರದೆಂದು ಸಂವಿಧಾನವೇ ಗೆರೆ ಹಾಕಿದೆ. ಇದರ ಮೇಲೆ ಇನ್ನೊಂದು. 2019ರ ಏಪ್ರಿಲ್ 1ರಿಂದ ಸರಕಿನ ವ್ಯಾಪಾರಿಗಳಿಗೆ ನೋಂದಣಿಯ ಮಿತಿ 40 ಲಕ್ಷಕ್ಕೆ ಏರಿತ್ತು. ಹೊಳೆ ಬಂದ ಆಗಸ್ಟ್‌ನಲ್ಲಿ ಕಾಕಾ ಮುಚ್ಚಿಡಬೇಕಾದದ್ದು ಏನೂ ಇರಲಿಲ್ಲ. ಮುಚ್ಚಿಡುವ ರೂಢಿ ಒಂದೇ ಉಳಿದಿತ್ತು.

ಆ ಲೆಕ್ಕದ ಹಾಳೆಯನ್ನು ನಾನು ಕಾಕಾನಿಗೆ ತೋರಿಸಲಿಲ್ಲ. ಅವನು ಮತ್ತೆ ಅಂಗಡಿ ಹಾಕಲಿಲ್ಲ, ಮಗನ ಹತ್ತಿರ ಬೆಳಗಾವಿಗೆ ಹೋದ.

ಇದನ್ನೆಲ್ಲ ಮರೆತಿದ್ದ ಊರಿಗೆ 2025ರ ಜುಲೈ ತಿಂಗಳು ಮತ್ತೆ ಬಿಳಿ ಜೀಪನ್ನು ತಂದಿತು, ಈ ಸಲ ಮೊಬೈಲಿನಲ್ಲಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷದಲ್ಲಿ 1.63 ಕೋಟಿ ಬಂದಿದೆ ಎಂದು, 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆ ಸುದ್ದಿ ಟಿವಿಯಲ್ಲಿ ಬಂದ ಮರುದಿನ ಸಿರಸಂಗಿಯಲ್ಲಿ ಕ್ಯೂಆರ್ ಚೀಟಿಗಳು ಗೋಡೆ ಕಡೆಗೆ ಮುಖ ಮಾಡಿದವು. ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿಯ ಬಾಯಿಗೆ ಒಬ್ಬರು ಟವೆಲ್ ಸುತ್ತಿದ್ದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಚೀಟಿಗಳು ಮೆಲ್ಲಗೆ ತಿರುಗಿದವು. ನೋಟಿಸ್ ಕಳಿಸಿದ ರೀತಿ ನನಗೆ ಸರಿ ಕಾಣಲಿಲ್ಲ. ಏನು ಮಾರಿದಿರಿ ಎಂದು ಕೇಳದೆ ಎಷ್ಟು ಬಂತು ಎಂದಷ್ಟೇ ನೋಡಿದರೆ ಬಳೆಗಾರ, ಬೆಲ್ಲದವ, ತರಕಾರಿಯವ ಎಲ್ಲರೂ ಕಳ್ಳರಂತೆ ಕಾಣುತ್ತಾರೆ. ಆದರೆ ಆ ತಿಂಗಳು ಒಂದು ಸಂಗತಿ ಕೆಂಪು ವಹಿಯವರಿಗೆ ತಿಳಿಯಿತು. ಖರೆ ಲೆಕ್ಕ ಈಗ ಅವರ ಗಲ್ಲಾದ ಪಕ್ಕದಲ್ಲಿ ಮಾತ್ರ ಇಲ್ಲ.

ಅಪ್ಪನ ಅಂಗಡಿಯನ್ನು ಈಗ ನಮ್ಮ ಅಕ್ಕನ ಮಗ ನಡೆಸುತ್ತಾನೆ. ಅವನೂ ನೋಟಿಸಿನ ಅಂಜಿಕೆಗೇ ನನ್ನ ಹತ್ತಿರ ಬಂದದ್ದು. ಅವನ ವ್ಯಾಪಾರ 40 ಲಕ್ಷದ ಒಳಗೆ, ನೋಂದಣಿ ಬೇಕಿರಲಿಲ್ಲ. ಬಂದವನನ್ನು ಕೂಡಿಸಿಕೊಂಡು ವಿಮೆಯ ಮಾತು ತೆಗೆದೆ. 2021ರ ಏಪ್ರಿಲ್‌ನಿಂದ ಸಣ್ಣ ಅಂಗಡಿಗಳಿಗೆಂದೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ್ದು, ಯಾವ ಕಂಪನಿಯಲ್ಲಿ ತೆಗೆದರೂ ಷರತ್ತು ಒಂದೇ. ಬೆಂಕಿ, ನೆರೆ, ಬಿರುಗಾಳಿ ಎಲ್ಲವೂ ಸೇರಿದೆ. ಮಾಲಿನ ಬೆಲೆಗಿಂತ ಶೇ 15ರವರೆಗೆ ಕಡಿಮೆ ಮಾಡಿಸಿದ್ದರೂ ಕಾಕಾನಿಗೆ ಆದಂತೆ ಪ್ರಮಾಣ ಹಿಡಿದು ಕತ್ತರಿಸುವುದಿಲ್ಲ.

ಕಂತು ಸಾವಿರದ ಆಸುಪಾಸು. ಹುಡುಗ ಕಂತಿನ ಚೀಟಿಯನ್ನು ತಿರುಗಿಸಿ ನೋಡಿದ. "ಮಾಮಾ, ಇದರ ಮ್ಯಾಲೂ ಶೇಕಡಾ 18 ಜಿಎಸ್‌ಟಿ ಐತಲ್ರೀ! ವಿಮಾಕ್ಕ ಟ್ಯಾಕ್ಸ್ ತಗದಾರಂತ ಟಿವ್ಯಾಗ ಹೇಳಿದ್ರು?"

"ಅದು ಮನಷಾರ ವಿಮಾಕ್ಕಪಾ. ಸೆಪ್ಟೆಂಬರ್ 22ರಿಂದ ಜೀವ ವಿಮಾ, ಆರೋಗ್ಯ ವಿಮಾಕ್ಕ ತಗದಾರ. ಅಂಗಡಿಗೆ ತಗದಿಲ್ಲ."

"ಅಂಗಡಿ ಹ್ವಾದ್ರ ಮನಷಾ ಇರತಾನೇನು?" ಎಂದ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಫಾರ್ಮು ಮುಂದೆ ಇಟ್ಟೆ.

ಮಾಲಿನ ಬೆಲೆಯ ಜಾಗಕ್ಕೆ ಬಂದಾಗ ಅವನ ಪೆನ್ನು ನಿಂತಿತು. ಹಿಂದಿನ ದಿನ ನಾವಿಬ್ಬರೂ ಮಾಡಗಳನ್ನೆಲ್ಲ ಎಣಿಸಿ ನಾಲ್ಕು ಲಕ್ಷ ಎಂದು ಬರೆದುಕೊಂಡಿದ್ದೆವು. "ನಾಕ ಬರದ್ರ ಇದೂ ಎಲ್ಲರೆ ಟ್ಯಾಕ್ಸಿನವರಿಗೆ ಹೋಗತೈತೇನು?" ಎಂದು ಕೇಳಿದ. ಹೋದರೂ ಏನೂ ಆಗುವುದಿಲ್ಲ ಎಂದು ಮತ್ತೊಮ್ಮೆ ಲೆಕ್ಕ ಬಿಡಿಸಿ ಹೇಳಿದೆ. ತಲೆ ಆಡಿಸಿದ, ಎಲ್ಲ ತಿಳಿದವನ ಹಾಗೆ. ಆಮೇಲೆ ಮೂರೂವರೆ ಲಕ್ಷ ಎಂದು ಬರೆದು ಸಹಿ ಹಾಕಿದ. ಶೇ 15ರ ಒಳಗೇ ಇತ್ತು, ನಾನೂ ಸುಮ್ಮನಾದೆ.